ಒಂದು ಕರು, ಹಲವು ತಾಯಂದಿರು

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಹೈನುಗಾರಿಕೆ ತರಬೇತಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆ ಅಂದರೆ ಉಳಿತಾಯ, ಸಾಲ, ಮರುಪಾವತಿ. ಮಾತಾಡಿ ಮಾತಾಡಿ ನಿಮಗೂ ಸಾಕಾಗಿರುತ್ತದೆ. ಇವತ್ತು ಲೆಕ್ಕದ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡೋಣ. ನಾನು ಹೇಳಲು ಬಂದಿರುವುದು ಪ್ರಾಣಿಗಳ ತದ್ರೂಪಿ ಮಾಡುವ ವಿದ್ಯೆಯ ಬಗ್ಗೆ. ಪೇಪರಿನಲ್ಲಿ ಇದನ್ನು ‘ಕ್ಲೋನಿಂಗ್’ ಅಂತ ಬರೆಯುತ್ತಾರೆ.

‘ಇದೆಲ್ಲ ದೊಡ್ಡ ದೊಡ್ಡ ವಿಜ್ಞಾನಿಗಳ ವಿಷಯ, ನಮಗೇಕೆ?’ ಅಂತ ಅನ್ನಿಸಬಹುದು. ಸಂಘದಿಂದ ಸಾಲ ತೆಗೆದು ಹಸು, ಎಮ್ಮೆ ಕಟ್ಟಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ನೋಡಿ, ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ. ಹಾಗಾದರೆ ಇದು ನಿಮ್ಮ ವಿಷಯವೇ. ನಮ್ಮ ದೇಶದಲ್ಲಿ ಈ ಪ್ರಯೋಗ ಹೆಚ್ಚಾಗಿ ನಡೆದಿರುವುದು ಎಮ್ಮೆಯ ಮೇಲೆ. ಹದಿನೈದು ಲೀಟರ್ ಕೊಡುವ ಎಮ್ಮೆಯನ್ನು ಅಚ್ಚು ಹಾಕಿದ ಹಾಗೆ ಮತ್ತೆ ಹುಟ್ಟಿಸಬಹುದು ಅಂತ ಯಾರಾದರೂ ಹೇಳಿದರೆ, ನಾಲ್ಕು ಲೀಟರಿನ ಎಮ್ಮೆ ಕಟ್ಟಿಕೊಂಡಿರುವ ನಿಮಗೆ ಆಸೆ ಆಗದೆ ಇರುತ್ತದೆಯೇ? ಆ ಆಸೆಯಲ್ಲಿ ನಿಜ ಎಷ್ಟು, ಅದಕ್ಕೆ ತಗಲುವ ಬೆಲೆಯನ್ನು ಯಾರು ಕೊಡುತ್ತಾರೆ, ಅದನ್ನು ನೋಡೋಣ.

ಮೊದಲು ಹಿತ್ತಲಿಗೆ ಹೋಗೋಣ. ಬಾಳೆಯ ಬುಡದಲ್ಲಿ ಬಂದ ಕಂದನ್ನು ಕಿತ್ತು ಬೇರೆ ಕಡೆ ನೆಡುತ್ತೀರಿ. ಪಕ್ಕದ ಮನೆಯ ಮಲ್ಲಿಗೆ ಚೆನ್ನಾಗಿದೆ ಅಂತ ಒಂದು ಕಡ್ಡಿ ಕೇಳಿ ತಂದು ಊರುತ್ತೀರಿ. ಅಲ್ಲಿ ಬೀಜ ಇಲ್ಲ, ಗಂಡು ಹೆಣ್ಣು ಕೂಡುವುದೂ ಇಲ್ಲ. ತಾಯಿಗಿಡ ಯಾವ ತಳಿಯೋ ಮರಿಗಿಡವೂ ಅದೇ ತಳಿ. ಅದೇ ಕ್ಲೋನ್. ಈ ಪದ ಬಂದಿರುವುದು ಗ್ರೀಕ್ ಭಾಷೆಯಿಂದ. ಅಲ್ಲಿ ಅದರ ಅರ್ಥವೇ ಎಳೆ ಕೊಂಬೆ, ಕಡ್ಡಿ ಅಂತ. ಅಂದಮೇಲೆ ಹೆಸರು ಗೊತ್ತಿಲ್ಲದೆಯೇ ನೀವೆಲ್ಲ ಈ ಕೆಲಸ ಮಾಡಿಕೊಂಡು ಬಂದವರು. ಒಂದೇ ಅಂಡ ಎರಡಾಗಿ ಒಡೆದು ಹುಟ್ಟುವ ಅವಳಿ ಮಕ್ಕಳು ಇರುತ್ತಾರಲ್ಲ, ಯಾರು ಯಾರು ಅಂತ ಗುರುತೇ ಸಿಗದವರು, ಅವರೂ ಪ್ರಕೃತಿ ಮಾಡಿದ ತದ್ರೂಪಿಗಳೇ.

ಆದರೆ ಹಸುವಿನ ಕಿವಿಯ ತುಂಡನ್ನು ಮಣ್ಣಲ್ಲಿ ಊರಿದರೆ ಹಸು ಚಿಗುರುವುದಿಲ್ಲ. ಯಾಕೆ? ಇದನ್ನು ಹೀಗೆ ಯೋಚಿಸಿ. ನಮ್ಮ ಮೈ, ದನದ ಮೈ, ಎಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಹೆಚ್ಚುಕಡಿಮೆ ಪ್ರತಿಯೊಂದು ಕೋಶದ ನಡುವೆಯೂ ಕೋಶಕೇಂದ್ರ ಅಂತ ಒಂದು ಗಂಟು ಇರುತ್ತದೆ. ಅದರೊಳಗೆ ಇಡೀ ಪ್ರಾಣಿಯನ್ನು ಹೇಗೆ ಕಟ್ಟಬೇಕು ಅನ್ನುವ ಪೂರ್ತಿ ಪುಸ್ತಕ ಇದೆ. ಕಿವಿಯ ಕೋಶದಲ್ಲೂ ಅದೇ ಪುಸ್ತಕ, ಕೆಚ್ಚಲಿನ ಕೋಶದಲ್ಲೂ ಅದೇ ಪುಸ್ತಕ. ಆದರೆ ಕಿವಿಯ ಕೋಶ ಕಿವಿಗೆ ಬೇಕಾದ ಪುಟಗಳನ್ನು ಮಾತ್ರ ತೆರೆದು ಓದುತ್ತದೆ. ಉಳಿದ ಪುಟಗಳು ಮುಚ್ಚಿಯೇ ಇರುತ್ತವೆ. ಆ ಮುಚ್ಚಿದ ಪುಟಗಳನ್ನು ಮತ್ತೆ ತೆರೆಸಬಹುದೇ? ಕ್ಲೋನಿಂಗ್ ಚರಿತ್ರೆ ಅಂದರೆ ಈ ಒಂದು ಪ್ರಶ್ನೆಯ ಚರಿತ್ರೆ.

ಜರ್ಮನಿಯ ಹಾನ್ಸ್ ಸ್ಪೆಮನ್ ಎಂಬ ವಿಜ್ಞಾನಿ 1938ರಲ್ಲೇ ಇಂಥ ಪ್ರಯೋಗ ಮಾಡಿ ನೋಡಬೇಕು ಅಂತ ಬರೆದಿದ್ದರು. 1952ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಕಿಂಗ್ ಅನ್ನುವವರು ಕಪ್ಪೆಯ ಎಳೆ ಭ್ರೂಣದ ಕೋಶಕೇಂದ್ರವನ್ನು ಬೇರೆ ಕಪ್ಪೆಯ ಅಂಡಕ್ಕೆ ಹಾಕಿ ಗೊದಮೊಟ್ಟೆ ಹುಟ್ಟಿಸಿದರು. ಮುಂದೆ ಇಂಗ್ಲೆಂಡಿನ ಜಾನ್ ಗರ್ಡನ್ ಇನ್ನೂ ಒಂದು ಹೆಜ್ಜೆ ಹೋದರು. ಗೊದಮೊಟ್ಟೆಯ ಕರುಳಿನ ಕೋಶ ಅಂದರೆ ಆಗಲೇ ಕರುಳಾಗಿ ಕೆಲಸ ಮಾಡುತ್ತಿರುವ ಕೋಶ. ಅದರ ಕೇಂದ್ರವನ್ನು ತೆಗೆದು ಖಾಲಿ ಅಂಡಕ್ಕೆ ಹಾಕಿದರೂ ಕಪ್ಪೆ ಹುಟ್ಟುತ್ತದೆ ಅಂತ 1962ರ ಹೊತ್ತಿಗೆ ತೋರಿಸಿದರು. ಈ ಕೆಲಸಕ್ಕೆ 2012ರಲ್ಲಿ, ಐವತ್ತು ವರ್ಷ ಆದಮೇಲೆ, ನೊಬೆಲ್ ಬಹುಮಾನ ಬಂತು. ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿ ಕಣ್ಣೀರು ಹಾಕುವ ತಾಯಂದಿರಿಗೆ ಒಂದು ಮಾತು: ಈ ಗರ್ಡನ್ ಶಾಲೆಯಲ್ಲಿ ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕಟ್ಟಕಡೆಯವರು. ವಿಜ್ಞಾನಿ ಆಗುವ ಆಸೆ ಬಿಡು ಅನ್ನುವ ಅರ್ಥದಲ್ಲಿ ಮೇಷ್ಟ್ರು ಬರೆದುಕೊಟ್ಟಿದ್ದರು. ಆ ಕಾಗದಕ್ಕೆ ಕಟ್ಟು ಹಾಕಿಸಿ ಅವರು ತಮ್ಮ ಕೋಣೆಯಲ್ಲೇ ಇಟ್ಟುಕೊಂಡಿದ್ದರು.

ಕಪ್ಪೆಯೇನೋ ಆಯಿತು. ಹಾಲೂಡಿಸುವ ಪ್ರಾಣಿಗಳಲ್ಲಿ, ಅದೂ ಬೆಳೆದ ಪ್ರಾಣಿಯ ಕೋಶದಿಂದ ಇದು ಆಗುವುದಿಲ್ಲ ಅಂತಲೇ ಬಹಳ ಜನ ನಂಬಿದ್ದರು. ಆಗ ಬಂದದ್ದು ಡಾಲಿ. ಸ್ಕಾಟ್ಲೆಂಡಿನ ಎಡಿನ್‌ಬರೋ ಊರಿನ ಹತ್ತಿರ ರೋಸ್ಲಿನ್ ಸಂಸ್ಥೆ ಅಂತ ಇದೆ. ಅಲ್ಲಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಅವರ ಜೊತೆಗಾರರು ಆರು ವರ್ಷದ ಒಂದು ಬಿಳಿ ಮುಖದ ಕುರಿಯ ಕೆಚ್ಚಲಿನ ಕೋಶ ತೆಗೆದುಕೊಂಡರು. ಕಪ್ಪು ಮುಖದ ಇನ್ನೊಂದು ಜಾತಿಯ ಕುರಿಯಿಂದ ಅಂಡ ತೆಗೆದು, ಅದರ ಕೇಂದ್ರವನ್ನು ಹೀರಿ ಹೊರಗೆ ಹಾಕಿ ಅಂಡವನ್ನು ಖಾಲಿ ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಸಣ್ಣಗೆ ಕರೆಂಟ್ ಕೊಟ್ಟಾಗ ಅವು ಒಂದಾದವು, ಅಂಡ ಬೆಳೆಯಲು ಶುರುವಾಯಿತು. ಆಮೇಲೆ ಅದನ್ನು ಮೂರನೆಯ ಕುರಿಯ ಗರ್ಭದಲ್ಲಿ ಇಟ್ಟರು. ಹೊತ್ತು ಹೆತ್ತ ಈ ಕುರಿಯದ್ದೂ ಕಪ್ಪು ಮುಖವೇ. 1996ರ ಜುಲೈ 5ರಂದು ಅದರ ಹೊಟ್ಟೆಯಿಂದ ಬಂದದ್ದು ಬಿಳಿ ಮುಖದ ಮರಿ! ಮುಖ ನೋಡಿದರೇ ಗೊತ್ತಾಗುವಂತಿತ್ತು, ಇದು ಹೆತ್ತವಳ ಮರಿಯಲ್ಲ ಅಂತ. 1997ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಜಗತ್ತೆಲ್ಲ ಗದ್ದಲ ಆಯಿತು. ಕೆಚ್ಚಲಿನ ಕೋಶದಿಂದ ಹುಟ್ಟಿತು ಅಂತ ತಮಾಷೆಗೆ ಅಮೆರಿಕದ ಹಾಡುಗಾರ್ತಿ ಡಾಲಿ ಪಾರ್ಟನ್ ಅವರ ಹೆಸರಿಟ್ಟರಂತೆ. ಆ ತಮಾಷೆ ನನಗಂತೂ ಹಿಡಿಸಲಿಲ್ಲ.

ಪೇಪರಿನವರು ದೊಡ್ಡ ಅಕ್ಷರದಲ್ಲಿ ಹಾಕದೇ ಬಿಟ್ಟ ಲೆಕ್ಕ ಒಂದಿದೆ, ಅದನ್ನು ಹೇಳ್ತೀನಿ. ಡಾಲಿಗಾಗಿ ಕೂಡಿಸಿದ ಅಂಡಗಳು 277. ಅವುಗಳಲ್ಲಿ ಗರ್ಭಕ್ಕೆ ಇಡುವ ಹಂತಕ್ಕೆ ಬಂದವು 29. ಅವನ್ನು 13 ಕುರಿಗಳ ಗರ್ಭದಲ್ಲಿ ಇಟ್ಟರು. ಜೀವಂತ ಹುಟ್ಟಿದ್ದು ಒಂದೇ ಒಂದು ಮರಿ. ನಮ್ಮ ಸಂಘದಲ್ಲಿ 277 ರೂಪಾಯಿ ಹಾಕಿ ಒಂದು ರೂಪಾಯಿ ವಾಪಸ್ ಬಂದರೆ ಆ ಕೆಲಸಕ್ಕೆ ಮತ್ತೆ ಸಾಲ ಕೊಡುತ್ತೇವೆಯೇ? ಹೊಸ ವಿದ್ಯೆ, ಮೊದಲ ಸಲ, ಇರಲಿ ಅನ್ನೋಣ. ಆದರೆ ಇಷ್ಟು ವರ್ಷ ಕಳೆದರೂ, ಗರ್ಭಕ್ಕೆ ಇಟ್ಟ ತದ್ರೂಪಿ ಭ್ರೂಣಗಳಲ್ಲಿ ಹೆಚ್ಚಿನವು ಕರುವಾಗಿ ನೆಲಕ್ಕೆ ಬೀಳುವುದಿಲ್ಲ. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸ್ನಪ್ಪಿ ಎಂಬ ನಾಯಿಮರಿಯನ್ನು ಹೀಗೆ ಹುಟ್ಟಿಸಿದರು. ಅದಕ್ಕಾಗಿ 1,095 ಭ್ರೂಣಗಳನ್ನು 123 ನಾಯಿಗಳ ಗರ್ಭದಲ್ಲಿ ಇಟ್ಟಿದ್ದರು. ಹುಟ್ಟಿದ್ದು ಎರಡು ಮರಿ. ಒಂದು ಇಪ್ಪತ್ತೆರಡು ದಿನಕ್ಕೆ ಸತ್ತಿತು, ಉಳಿದದ್ದು ಸ್ನಪ್ಪಿ ಒಂದೇ. ಆ 123ರ ಪೈಕಿ ಉಳಿದವುಗಳ ಫೋಟೋ ಯಾವ ಪೇಪರಿನಲ್ಲೂ ನಾನು ನೋಡಲಿಲ್ಲ.

ಎಮ್ಮೆ ಗಬ್ಬ ಹೋದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಮಾಸು ಬೀಳದೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಲಾಟೀನು ಹಿಡಿದು ಕೂತವರು ಇಲ್ಲಿದ್ದೀರಿ. ತದ್ರೂಪಿ ಗಬ್ಬದಲ್ಲಿ ಈ ಕಷ್ಟಗಳು ಮಾಮೂಲಿಗಿಂತ ಹೆಚ್ಚು. ಮಾಸು ಸರಿಯಾಗಿ ಬೆಳೆಯುವುದಿಲ್ಲ. ಗರ್ಭದಲ್ಲಿ ನೀರು ತುಂಬಿಕೊಳ್ಳುತ್ತದೆ. ದನ, ಕುರಿಗಳಲ್ಲಿ ಎಷ್ಟೋ ಸಲ ಕರು ಅಳತೆ ಮೀರಿ ಬೆಳೆದು ಹೊಟ್ಟೆ ಕುಯ್ದು ತೆಗೆಯಬೇಕಾಗುತ್ತದೆ. ಹುಟ್ಟಿದ ಮೇಲೂ ಉಸಿರಾಟದ ತೊಂದರೆಯಿಂದ ಕೆಲವು ಸಾಯುತ್ತವೆ. ಯಾಕೆ ಹೀಗೆ ಅಂದರೆ, ಆಗ ಹೇಳಿದೆನಲ್ಲ ಮುಚ್ಚಿದ ಪುಟಗಳು, ಅವು ಎಲ್ಲವೂ ಸರಿಯಾದ ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ.

ಹುಟ್ಟಿ ಬದುಕಿದವು ಬೇಗ ಮುದಿಯಾಗುತ್ತವೆ ಅನ್ನುವ ಮಾತನ್ನು ನೀವು ಕೇಳಿರಬಹುದು. ಡಾಲಿ ಆರೂವರೆ ವರ್ಷಕ್ಕೇ, 2003ರ ಫೆಬ್ರವರಿ 14ರಂದು ಹೋಯಿತು. ಕಾಲಿನ ಕೀಲುಬೇನೆಯೂ ಇತ್ತು. ಆರು ವರ್ಷದ ಕುರಿಯ ಕೋಶವಲ್ಲವೇ, ಮುದಿಯಾಗಿಯೇ ಹುಟ್ಟಿತ್ತು ಅಂತ ಜನ ಮಾತಾಡಿಕೊಂಡರು. ಆದರೆ ಅದನ್ನು ಕೊಂದದ್ದು ಒಂದು ವೈರಸ್ಸಿನಿಂದ ಬರುವ ಶ್ವಾಸಕೋಶದ ಗೆಡ್ಡೆ, ಬೇರೆ ಕುರಿಗಳಿಗೂ ಬರುವ ರೋಗ. ಅದೇ ಕೆಚ್ಚಲಿನ ಕೋಶಗಳಿಂದ ಮುಂದೆ ಇನ್ನೂ ನಾಲ್ಕು ಕುರಿಗಳು ಹುಟ್ಟಿದವು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದ ಅವನ್ನೂ ಬೇರೆ ಒಂಬತ್ತು ತದ್ರೂಪಿ ಕುರಿಗಳನ್ನೂ ಪರೀಕ್ಷೆ ಮಾಡಿದವರು, ವಯಸ್ಸಿಗೆ ತಕ್ಕಂತೆ ಆರೋಗ್ಯವಾಗಿಯೇ ಇವೆ ಅಂತ 2016ರಲ್ಲಿ ವರದಿ ಕೊಟ್ಟರು. ಡಾಲಿಯೂ ಬದುಕಿದ್ದಾಗ ಟಗರಿನ ಜೊತೆ ಕೂಡಿಯೇ ಆರು ಮರಿ ಹಾಕಿತ್ತು. ಆದ್ದರಿಂದ ಕಷ್ಟ ಇರುವುದು ಹೆಚ್ಚಾಗಿ ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ದಿನಗಳಲ್ಲಿ. ಗಟ್ಟಿಯಾಗಿ ಉಳಿದದ್ದು ಉಳಿದ ಹಾಗೆಯೇ ಬಾಳುತ್ತದೆ. ವಿದ್ಯೆಯನ್ನು ಟೀಕೆ ಮಾಡುವಾಗಲೂ ಇಲ್ಲದ ದೋಷ ಹೊರಿಸಬಾರದು.

ಈಗ ನಮ್ಮ ದೇಶಕ್ಕೆ ಬರೋಣ. ಹರಿಯಾಣದ ಕರ್ನಾಲ್‌ನಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ ಇದೆ. ಇದು ಮೊದಲು ಶುರುವಾದದ್ದು 1923ರಲ್ಲಿ, ನಮ್ಮ ಬೆಂಗಳೂರಿನಲ್ಲೇ. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಗೆ ಇದ್ದಾಗ ಅಲ್ಲಿಗೆ ಹೋಗಿ ದನ ಸಾಕುವ ಬಗ್ಗೆ ಪಾಠ ಕಲಿತಿದ್ದರು. 1955ರಲ್ಲಿ ಮುಖ್ಯ ಕಚೇರಿ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನಲ್ಲಿ ದಕ್ಷಿಣದ ಕೇಂದ್ರ ಉಳಿಯಿತು. ಕರ್ನಾಲಿನವರು ದುಬಾರಿ ಯಂತ್ರ ಇಲ್ಲದೆ, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಬ್ಲೇಡಿನಿಂದ ಕೈಯಲ್ಲೇ ಅಂಡದ ಕೇಂದ್ರವನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ಎಮ್ಮೆಗೆ ಹೊಂದಿಸಿದರು. 2009ರ ಫೆಬ್ರವರಿ 6ರಂದು ಮೊದಲ ತದ್ರೂಪಿ ಎಮ್ಮೆಕರು ಹುಟ್ಟಿತು. ‘ಸಮರೂಪ’ ಅಂತ ಹೆಸರಿಟ್ಟರು. ವಾರ ತುಂಬುವ ಮೊದಲೇ ಹೋಯಿತು. ಅದೇ ವರ್ಷ ಜೂನ್ 6ರಂದು ಹುಟ್ಟಿದ ‘ಗರಿಮಾ’ ಎರಡು ವರ್ಷ ಬದುಕಿ 2011ರಲ್ಲಿ ಸತ್ತಿತು. 2010ರ ಆಗಸ್ಟ್ 22ರಂದು ‘ಗರಿಮಾ-2’ ಹುಟ್ಟಿತು. ಅದು ಗಟ್ಟಿಯಾಗಿ ನಿಂತು, 2013ರ ಜನವರಿ 25ರಂದು ‘ಮಹಿಮಾ’ ಎಂಬ ಹೆಣ್ಣು ಕರು ಹಾಕಿತು. ಮುಂದೆ 2023ರ ಮಾರ್ಚ್ 16ರಂದು ಅದೇ ಸಂಸ್ಥೆಯಲ್ಲಿ ‘ಗಂಗಾ’ ಎಂಬ ಗಿರ್ ಕರು ಹುಟ್ಟಿತು. ಅದರ ಕೋಶ ಗಿರ್ ಹಸುವಿನದು, ಅಂಡ ಸಾಹಿವಾಲ್ ಹಸುವಿನದು, ಹೊತ್ತದ್ದು ಮತ್ತೊಂದು ಹಸು. ಒಂದು ಕರುವಿಗೆ ಮೂವರು ತಾಯಂದಿರು. ನಿಲ್ಲದೆ ಹೋದ ಗಬ್ಬಗಳ ತಾಯಂದಿರನ್ನು ನಾನು ಎಣಿಸಿಲ್ಲ.

ಸರಿ, ಇಷ್ಟೆಲ್ಲ ಮಾಡಿ ಸಿಗುವುದೇನು? ಒಳ್ಳೆಯ ಎಮ್ಮೆಯ ‘ನಕಲು’ ಅಂತೀವಿ. ನಕಲಾಗುವುದು ಬೀಜ ಮಾತ್ರ, ಬಾಳು ನಕಲಾಗುವುದಿಲ್ಲ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ಕೋಶ ಕೊಟ್ಟ ಬೆಕ್ಕಿನ ಮೈಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳಿದ್ದವು. ಮರಿಯ ಮೈಯಲ್ಲಿ ಕಿತ್ತಳೆ ಬಣ್ಣವೇ ಇರಲಿಲ್ಲ! ಮೈಬಣ್ಣದ ಕಥೆಯೇ ಹೀಗೆ. ಇನ್ನು ಹಾಲಿನ ಕಥೆ ಕೇಳಿ. ಒಂದೇ ಮಂದೆಯಲ್ಲಿ ಒಂದು ಹಸುವಿಗೂ ಇನ್ನೊಂದಕ್ಕೂ ಹಾಲಿನಲ್ಲಿ ಇರುವ ವ್ಯತ್ಯಾಸದಲ್ಲಿ ವಂಶದಿಂದ ಬರುವ ಪಾಲು ಹೆಚ್ಚುಕಡಿಮೆ ಕಾಲು ಭಾಗ ಅಂತ ಪಶುವಿಜ್ಞಾನಿಗಳ ಲೆಕ್ಕ. ಉಳಿದದ್ದು ಮೇವು, ಹಿಂಡಿ, ನೀರು, ನೆರಳು, ರೋಗ, ಹಿಂಡುವ ಕೈ. ಹದಿನೈದು ಲೀಟರಿನ ಎಮ್ಮೆಯ ತದ್ರೂಪಿಯನ್ನು ತಂದು ಬೇಸಿಗೆಯಲ್ಲಿ ಒಣಹುಲ್ಲು ಮಾತ್ರ ಹಾಕಿದರೆ ಅದೂ ಐದಕ್ಕೆ ಇಳಿಯುತ್ತದೆ. ನಿಮ್ಮ ನಾಲ್ಕು ಲೀಟರಿನ ಎಮ್ಮೆಗೆ ಹಸಿರು ಮೇವು, ಖನಿಜ ಮಿಶ್ರಣ, ದಿನವಿಡೀ ನೀರು ಕೊಟ್ಟು ನೋಡಿದ್ದೀರಾ? ಅದಕ್ಕೆ ಕೋಶವೂ ಬೇಡ, ಬ್ಲೇಡೂ ಬೇಡ.

ಇನ್ನೊಂದು ಅಪಾಯ ಇದೆ. ಎಲ್ಲವೂ ಒಂದೇ ಆದರೆ ಎಲ್ಲಕ್ಕೂ ಒಂದೇ ರೋಗ ಸಾಕು. ಮತ್ತೆ ಬಾಳೆಯನ್ನೇ ನೋಡಿ. ನಂಜನಗೂಡು ರಸಬಾಳೆಯ ರುಚಿ ಗೊತ್ತಿರುವವರು ನಿಮ್ಮಲ್ಲಿ ಇದ್ದೀರಿ. ಕಂದಿನಿಂದ ಕಂದು ನೆಟ್ಟು ಬೆಳೆಸಿದ ಬಾಳೆ, ಅಂದರೆ ತೋಟದ ತುಂಬ ಒಂದೇ ಗಿಡ ಇದ್ದ ಹಾಗೆ. ಪನಾಮಾ ಸೊರಗು ರೋಗ ಮಣ್ಣಿಗೆ ಬಂತು, ತೋಟ ತೋಟವೇ ಮಲಗಿತು. ಈಗ ನಿಜವಾದ ರಸಬಾಳೆ ಹುಡುಕಿಕೊಂಡು ಹೋಗಬೇಕು. ಇದೇ ರೋಗ 1960ರ ಹೊತ್ತಿಗೆ ‘ಗ್ರೋ ಮಿಷೆಲ್’ ಎಂಬ ಬಾಳೆಯನ್ನು ಇಡೀ ಪ್ರಪಂಚದ ವ್ಯಾಪಾರದಿಂದಲೇ ಅಳಿಸಿಹಾಕಿತ್ತು. ದನಗಳಲ್ಲೂ ಹಾಗೆಯೇ. ಬೇರೆ ಬೇರೆ ರಕ್ತ ಇದ್ದರೆ ಜ್ವರ ಬಂದಾಗ ಕೆಲವಾದರೂ ತಡೆದುಕೊಳ್ಳುತ್ತವೆ. ನಾಲ್ಕು ಲೀಟರ್ ಕೊಟ್ಟು ಬಿಸಿಲು, ಉಣ್ಣೆ, ಹಸಿವು ಎಲ್ಲ ತಡೆಯುವ ನಮ್ಮ ನಾಟಿ ದನದ ಬೆಲೆ ಹಾಲಿನ ಕ್ಯಾನಿನಲ್ಲಿ ಕಾಣುವುದಿಲ್ಲ.

ಹಾಗಂತ ಈ ವಿದ್ಯೆ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ವಂಶವೇ ನಿಂತುಹೋಗುವ ಪ್ರಾಣಿಗಳಿಗೆ ಇದು ಆಸರೆ ಆಗಬಹುದು. ಅಮೆರಿಕದ ಕಪ್ಪುಕಾಲಿನ ಫೆರೆಟ್ ಎಂಬ, ಮುಂಗುಸಿಯಷ್ಟಿರುವ ಕಾಡುಪ್ರಾಣಿಯನ್ನು 1980ರ ದಶಕದಿಂದ ಹೆಪ್ಪುಗಟ್ಟಿಸಿ ಇಟ್ಟಿದ್ದ ಕೋಶದಿಂದ 2020ರಲ್ಲಿ ಹುಟ್ಟಿಸಿದರು. ಕಳೆದುಹೋಗಿದ್ದ ರಕ್ತವನ್ನು ಹಿಂಡಿಗೆ ಮತ್ತೆ ಸೇರಿಸುವ ಉದ್ದೇಶ ಅದು. ಅಲ್ಲಿ ಇದು ವೈವಿಧ್ಯವನ್ನು ಹೆಚ್ಚಿಸಲು ಬಳಕೆಯಾಯಿತು, ಕಡಿಮೆ ಮಾಡಲು ಅಲ್ಲ. ನಮ್ಮ ಕರ್ನಾಲಿನವರೂ ಮನೆ ಮನೆಗೆ ತದ್ರೂಪಿ ಎಮ್ಮೆ ಹಂಚಲು ಹೊರಟವರಲ್ಲ. ಒಳ್ಳೆಯ ತಳಿಯ ಕೋಣಗಳು ಕಡಿಮೆ. ಅಂಥ ಕೋಣದ ತದ್ರೂಪಿ ಮಾಡಿದರೆ ಇಂಜೆಕ್ಷನ್‌ಗೆ ಬೇಕಾದ ವೀರ್ಯ ಹೆಚ್ಚು ಸಿಗುತ್ತದೆ ಅನ್ನುವುದು ಮುಖ್ಯ ಉದ್ದೇಶ.

ಇಲ್ಲಿ ಒಂದು ಎಚ್ಚರಿಕೆ. ತದ್ರೂಪಿ ಕರು ಕೊಡಿಸುತ್ತೇನೆ, ಅಡ್ವಾನ್ಸ್ ಕೊಡಿ ಅಂತ ಯಾರಾದರೂ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ದೇಶದಲ್ಲಿ ಇದು ಸಂಶೋಧನಾ ಸಂಸ್ಥೆಗಳ ಒಳಗಿನ ಕೆಲಸ, ಸಂತೆಯ ಮಾಲಲ್ಲ. ಹೆಣ್ಣು ಕರುವೇ ಹುಟ್ಟುವ ಇಂಜೆಕ್ಷನ್ ಅಂತ ಈಗ ಬಂದಿದೆಯಲ್ಲ, ಅದೂ ಕ್ಲೋನಿಂಗ್ ಅಲ್ಲ. ಅದರಲ್ಲಿ ವೀರ್ಯದಿಂದ ಗಂಡು ಕರು ತರುವ ಕಣಗಳನ್ನು ಬೇರೆ ಮಾಡಿರುತ್ತಾರೆ, ಅಷ್ಟೇ. ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರು ಹುಟ್ಟುತ್ತದೆ. ಆ ಕರುವಿಗೆ ತಾಯಿಯೂ ಇದೆ, ತಂದೆಯೂ ಇದೆ.

ಇನ್ನು ನ್ಯಾಯದ ಪ್ರಶ್ನೆ. ಈ ಕೋಣೆಯಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಪ್ರಾಣಿಗಳನ್ನು ದುಡಿಮೆಗೆ, ಹಾಲಿಗೆ ಬಳಸಬಹುದು, ಆದರೆ ಅಗತ್ಯ ಇಲ್ಲದೆ ಅವಕ್ಕೆ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಅನ್ನುವುದು ಕಥೋಲಿಕ ಧರ್ಮಸಭೆಯ ಬೋಧನೆ. ಬೇರೆ ಧರ್ಮದವರೂ ಇದನ್ನು ಒಪ್ಪುತ್ತೀರಿ ಅಂದುಕೊಂಡಿದ್ದೇನೆ. ಆಗ ಕೇಳಬೇಕಾದ್ದು ‘ಅಗತ್ಯ’ ಯಾವುದು ಅಂತ. ಅಳಿಯುವ ತಳಿಯನ್ನು ಉಳಿಸುವುದು ಒಂದು ಅಗತ್ಯ. ಶ್ರೀಮಂತರ ಸತ್ತ ನಾಯಿಯನ್ನು ಮತ್ತೆ ಮಾಡಿಕೊಡುವುದು? ಅಮೆರಿಕದಲ್ಲಿ ಐವತ್ತು ಸಾವಿರ ಡಾಲರ್ ತೆಗೆದುಕೊಂಡು ಹಾಗೆ ಮಾಡಿಕೊಟ್ಟ ಕಂಪನಿ ಇದೆ. ಬಂದದ್ದು ಅದೇ ನಾಯಿಯಲ್ಲ, ಅದರ ತಡವಾಗಿ ಹುಟ್ಟಿದ ಅವಳಿ. ಅದನ್ನು ಹೊತ್ತ ನಾಯಿಯ ಒಪ್ಪಿಗೆ ಯಾರೂ ಕೇಳಿರುವುದಿಲ್ಲ. ಈ ವ್ಯಾಪಾರ ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಮನುಷ್ಯರ ವಿಷಯದಲ್ಲಂತೂ ಮಾತು ಸ್ಪಷ್ಟ. ಧರ್ಮಸಭೆ ಡಾಲಿ ಹುಟ್ಟುವ ಮೊದಲೇ, 1987ರಲ್ಲಿ, ಇದು ತಪ್ಪು ಅಂತ ಹೇಳಿತ್ತು. 1997ರಲ್ಲಿ ಯುನೆಸ್ಕೊ, 2005ರಲ್ಲಿ ವಿಶ್ವಸಂಸ್ಥೆ ಕೂಡ ಬೇಡ ಅಂದವು. ನಮ್ಮ ದೇಶದ ನಿಯಮಗಳಲ್ಲೂ ಅವಕಾಶ ಇಲ್ಲ. ಪ್ರತಿ ಮಗುವೂ ಹೊಸದಾಗಿ, ಯಾರ ನಕಲೂ ಆಗದೆ ಬರಬೇಕು. ಇನ್ನೊಬ್ಬರ ಹಾಗೇ ಇರಬೇಕು ಅಂತ ಹೇಳಿ ಮಾಡಿಸಿದ ಮಗುವಿಗೆ ತನ್ನ ಬಾಳು ಅಂತ ಏನು ಉಳಿಯುತ್ತದೆ? ಜೊತೆಗೆ ಆ 277ರ ಲೆಕ್ಕವನ್ನು ಹೆಂಗಸರ ಮೇಲೆ ಹಾಕಿ ನೋಡಿ. ಮುಂದೆ ನಾನು ಹೇಳುವುದಿಲ್ಲ.

ಮಾತು ಮುಗಿಯುವ ಮೊದಲೇ ಎರಡು ಪ್ರಶ್ನೆ ಬಂದಿವೆ. ತದ್ರೂಪಿ ಪ್ರಾಣಿಯ ಹಾಲು ಕುಡಿದರೆ ತೊಂದರೆಯೇ ಅಂತ ಒಬ್ಬ ಅಕ್ಕ ಕೇಳಿದ್ದಾರೆ. ತದ್ರೂಪಿ ಹಸು, ಹಂದಿ, ಮೇಕೆಗಳ ಹಾಲು, ಮಾಂಸ ಮಾಮೂಲಿನಷ್ಟೇ ಸುರಕ್ಷಿತ ಅಂತ ಅಮೆರಿಕದ ಆಹಾರ ಇಲಾಖೆ 2008ರ ಜನವರಿಯಲ್ಲಿ ಹೇಳಿದೆ. ಯುರೋಪಿನ ಪಾರ್ಲಿಮೆಂಟು 2015ರಲ್ಲಿ ಸಾಕುಪ್ರಾಣಿಗಳ ಕ್ಲೋನಿಂಗ್ ಬೇಡ ಅಂತ ಮತ ಹಾಕಿತು. ಪ್ರಾಣಿಗಳು ಪಡುವ ಪಾಡು ಅದಕ್ಕೆ ಒಂದು ದೊಡ್ಡ ಕಾರಣ. ಹಾಲು ಹಾಲೇ, ಅದರಲ್ಲಿ ಭಯಪಡುವಂಥದ್ದು ಕಂಡುಬಂದಿಲ್ಲ.

ಇನ್ನೊಬ್ಬ ತಂಗಿ ಕೇಳಿದ್ದು: ಗರಿಮಾ-2 ಹಾಕಿದ ಮಹಿಮಾ ಕೂಡ ತದ್ರೂಪಿಯೇ? ಅಲ್ಲ ತಂಗಿ. ಗರಿಮಾ-2 ಬೆದೆಗೆ ಬಂದಾಗ, ನಿಮ್ಮ ಎಮ್ಮೆಗೆ ಡಾಕ್ಟರು ಬಂದು ಹಾಕುತ್ತಾರಲ್ಲ, ಅಂಥದೇ ಇಂಜೆಕ್ಷನ್ ಹಾಕಿದ್ದರು. ಅರ್ಧ ತಾಯಿಯದು, ಅರ್ಧ ಕೋಣದ್ದು. ಎಲ್ಲ ಕರುಗಳ ಹಾಗೆ ಅದೂ ಒಂದು ಹೊಸ ಕರು.